ಜಮೀನಿನ ಸಾಂಪ್ರದಾಯಿಕ ಅಳತೆಗಳು ಮತ್ತು ಅವುಗಳ ಪ್ರಾದೇಶಿಕ ವ್ಯತ್ಯಾಸಗಳು

ಕರ್ನಾಟಕದ ಕಂದಾಯ ದಾಖಲೆಗಳಲ್ಲಿ ಜಮೀನಿನ ವಿಸ್ತೀರ್ಣವನ್ನು ಕೆಲವು ಜಿಲ್ಲೆಗಳಲ್ಲಿ ಎಕರೆ ಮತ್ತು ಗುಂಟೆಗಳಲ್ಲಿ, ಇನ್ನು ಕೆಲವು ಜಿಲ್ಲೆಗಳಲ್ಲಿ ಎಕರೆ ಮತ್ತು ಸೆಂಟ್ಸ್‌ಗಳಲ್ಲಿ ನಮೂದಿಸಲಾಗುತ್ತದೆ. ಇವುಗಳಿಗಿಂತ ಹಿಂದೆ ಬಳಕೆಯಲ್ಲಿದ್ದ ಖಂಡುಗ, ಕೊಳಗ, ಮುಡಿ, ಬಟ್ಟಿ, ಕೂರಿಗೆ ಮುಂತಾದ ಅಳತೆಗಳು ಹಳೆಯ ವಿಭಾಗಪತ್ರ, ಕ್ರಯಪತ್ರ, ಗೇಣಿಚೀಟಿ ಹಾಗೂ ಉಂಬಳಿ ಕಾಗದಗಳಲ್ಲಿ ಇಂದಿಗೂ ಕಂಡುಬರುತ್ತವೆ. ಅಂತಹ ಕಾಗದವನ್ನು ಹಿಡಿದು ಬರುವವರು ಕೇಳುವ ಮೊದಲ ಪ್ರಶ್ನೆ, ಒಂದು ಖಂಡುಗವೆಂದರೆ ಎಷ್ಟು ಎಕರೆ ಎಂಬುದು. ಈ ಪ್ರಶ್ನೆಗೆ ರಾಜ್ಯಕ್ಕೆಲ್ಲ ಅನ್ವಯಿಸುವ ಒಂದೇ ಉತ್ತರವಿಲ್ಲ. ಏಕಿಲ್ಲ ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಬೀಜದಿಂದ ನೆಲವನ್ನು ಅಳೆಯುವ ಕ್ರಮ

ಎಕರೆ ಎಂಬುದು ನೆಲದ ಮೇಲ್ಮೈಯ ಅಳತೆ. ನೆಲ ಕಲ್ಲಾಗಿರಲಿ ಕೆಸರಾಗಿರಲಿ ಎಕರೆ ಬದಲಾಗುವುದಿಲ್ಲ. ಖಂಡುಗ ಮತ್ತು ಕೊಳಗಗಳು ಹಾಗಲ್ಲ. ಅವು ಮೂಲತಃ ಧಾನ್ಯವನ್ನು ಅಳೆಯುವ ಮಾಪನಗಳು. 20 ಕೊಳಗಕ್ಕೆ ಒಂದು ಖಂಡುಗ. ಒಂದು ಖಂಡುಗ ಬೀಜ ಬಿತ್ತುವುದಕ್ಕೆ ಬೇಕಾಗುವಷ್ಟು ನೆಲವನ್ನು ಒಂದು ಖಂಡುಗದ ಭೂಮಿ ಎಂದು ಕರೆಯಲಾಗುತ್ತಿತ್ತು. ಈ ಕ್ರಮಕ್ಕೆ ಬೀಜವರಿ ಎಂಬ ಹೆಸರಿದೆ.

ಬೀಜವರಿಯಲ್ಲಿ ನೆಲದ ವಿಸ್ತೀರ್ಣವು ಬೆಳೆಯನ್ನು ಅವಲಂಬಿಸಿರುತ್ತದೆ. ರಾಗಿಯ ಕಾಳು ಸಣ್ಣದು. ಸ್ವಲ್ಪ ಬೀಜವು ಬಹಳ ದೂರ ಹೋಗುತ್ತದೆ. ಭತ್ತವನ್ನು ಗದ್ದೆಯಲ್ಲಿ ಒತ್ತಾಗಿ ಚೆಲ್ಲಬೇಕು. ಆದುದರಿಂದ ಅದೇ ಕೊಳಗದ ಭತ್ತ ಬಹು ಬೇಗ ಮುಗಿಯುತ್ತದೆ. ಹಳೆಯ ಮೈಸೂರು ಸಂಸ್ಥಾನದಲ್ಲಿ ಒಂದು ಖಂಡುಗದ ಖುಷ್ಕಿ ಭೂಮಿಯನ್ನು ಸಾಮಾನ್ಯವಾಗಿ 64,000 ಚದರ ಗಜವೆಂದೂ, ಒಂದು ಖಂಡುಗದ ತರಿ ಅಥವಾ ಬಾಗಾಯ್ತು ಭೂಮಿಯನ್ನು 10,000 ಚದರ ಗಜವೆಂದೂ ಎಣಿಸಲಾಗುತ್ತಿತ್ತು. ಇಂದಿನ ಲೆಕ್ಕದಲ್ಲಿ ಮೊದಲನೆಯದು ಸುಮಾರು 13 ಎಕರೆ 9 ಗುಂಟೆ, ಎರಡನೆಯದು ಸುಮಾರು 2 ಎಕರೆ 2½ ಗುಂಟೆ. ಕೊಳಗಕ್ಕೆ ಇಳಿಸಿ ನೋಡಿದರೆ, ಒಂದು ಕೊಳಗದ ಹೊಲ 26 ಗುಂಟೆಗೂ ಮೇಲ್ಪಟ್ಟು, ಒಂದು ಕೊಳಗದ ಗದ್ದೆ ಕೇವಲ 4 ಗುಂಟೆಗಿಂತ ತುಸು ಹೆಚ್ಚು. ಕಾಗದದಲ್ಲಿ "ಐದು ಕೊಳಗ" ಎಂದಷ್ಟೇ ಇದ್ದು, ಅದು ಹೊಲವೋ ಗದ್ದೆಯೋ ಎಂಬುದು ತಿಳಿಯದಿದ್ದರೆ ಲೆಕ್ಕ ಆರು ಪಟ್ಟು ತಪ್ಪಬಹುದು.

ಈ ಅಂಕಿಗಳನ್ನೂ ಸಾಮಾನ್ಯ ಪ್ರಮಾಣವೆಂದು ಮಾತ್ರ ತಿಳಿಯತಕ್ಕದ್ದು. ಒಂದು ಕೊಳಗಕ್ಕೆ ಎಷ್ಟು ಸೇರು ಎಂಬುದು ಸೀಮೆಯಿಂದ ಸೀಮೆಗೆ ಬದಲಾಗುತ್ತಿತ್ತು. ಕೊಳಗವೇ ಚಿಕ್ಕದಾದ ಕಡೆ ಆ ಕೊಳಗದ ಗದ್ದೆಯೂ ಚಿಕ್ಕದಾಗುತ್ತಿತ್ತು. ಸಾರವಾದ ನೆಲದಲ್ಲಿ ಬೀಜವನ್ನು ಹಿಡಿದು ಬಿತ್ತುವುದು, ಬಡ ನೆಲದಲ್ಲಿ ಧಾರಾಳವಾಗಿ ಬಿತ್ತುವುದು ಅಥವಾ ಇದಕ್ಕೆ ವಿರುದ್ಧವಾದ ರೂಢಿಗಳಿಂದಲೂ ವ್ಯತ್ಯಾಸ ಉಂಟಾಗುತ್ತಿತ್ತು.

ಇದನ್ನು ಹಿಂದಿನವರ ಅಜ್ಞಾನವೆಂದು ಭಾವಿಸುವುದು ಸರಿಯಲ್ಲ. ರೈತನಿಗಾಗಲಿ ಕಂದಾಯ ವಸೂಲು ಮಾಡುವವರಿಗಾಗಲಿ ಬೇಕಾಗಿದ್ದುದು ನೆಲದ ಉದ್ದಗಲವಲ್ಲ, ಆ ನೆಲವು ಎಷ್ಟು ಬೀಜ ಬೇಡುತ್ತದೆ, ಎಷ್ಟು ದುಡಿಮೆ ಬೇಡುತ್ತದೆ, ಎಷ್ಟು ಫಲ ಕೊಡುತ್ತದೆ ಎಂಬ ತಿಳಿವಳಿಕೆ. ಕೆಳದಿಯ ಶಿವಪ್ಪ ನಾಯಕನ (ಆಳ್ವಿಕೆ 1645–1660) ಭೂಕಂದಾಯ ವ್ಯವಸ್ಥೆಯು "ಶಿವಪ್ಪ ನಾಯಕನ ಶಿಸ್ತು" ಎಂದು ಮಲೆನಾಡಿನಲ್ಲಿ ಹೆಸರಾಗಿದೆ. ಅದರಲ್ಲಿ ಭೂಮಿಯನ್ನು ಗುಣಕ್ಕನುಗುಣವಾಗಿ ವರ್ಗೀಕರಿಸಿ, ಬಿತ್ತಿದ ಬೀಜಕ್ಕೆ ಬಂದ ಬೆಳೆಯನ್ನು ಆಧಾರವಾಗಿಟ್ಟುಕೊಂಡು ಕಂದಾಯವನ್ನು ಗೊತ್ತುಪಡಿಸಲಾಯಿತು. ಅಡಿಕೆ ತೋಟಕ್ಕೆ ಬೀಜವರಿ ಹೊಂದುವುದಿಲ್ಲವಾದ್ದರಿಂದ ಮರಗಳ ಸಂಖ್ಯೆಯೇ ಅಳತೆಯಾಯಿತು. "ಸಾವಿರ ಮರದ ತೋಟ" ಎಂಬ ಮಾತು ಶಿವಮೊಗ್ಗ ಹಾಗೂ ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡು ಭಾಗದಲ್ಲಿ ಈಗಲೂ ಬಳಕೆಯಲ್ಲಿದೆ.

ಶಾಸನಗಳಲ್ಲಿ ಕಂಡುಬರುವ ಅಳತೆಗಳು

ಭೂಮಿಯನ್ನು ಕೋಲಿನಿಂದ ಅಳೆಯುವ ಪದ್ಧತಿ ಇರಲಿಲ್ಲವೆಂದು ಇದರ ಅರ್ಥವಲ್ಲ. ಚಾಲುಕ್ಯ ಹಾಗೂ ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ನಿವರ್ತನ, ಮತ್ತರು, ಕಮ್ಮ ಎಂಬ ಅಳತೆಗಳು ಬರುತ್ತವೆ. ಗದ್ದೆಯನ್ನು ಸಲಗೆಯ ಲೆಕ್ಕದಲ್ಲಿ ಹೇಳುವುದೂ ಇದೆ. ಮತ್ತರನ್ನು ಅಳೆದ ಕೋಲಿಗೆ ಗಳೆ ಎಂದು ಹೆಸರು. ಯಾವ ಗಳೆಯಿಂದ ಅಳೆದುಕೊಟ್ಟಿತೆಂಬುದನ್ನು ಹಲವು ಶಾಸನಗಳು ಪ್ರತ್ಯೇಕವಾಗಿ ಹೇಳುತ್ತವೆ. ಗಳೆ ಎಷ್ಟು ಗೇಣಿನದು ಎಂದು ತಿಳಿಸುವ ಶಾಸನಗಳೂ ಇವೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಲಾದ ಗಂಡಭೇರುಂಡ ಸ್ತಂಭವಿದ್ದು, ಆ ಭಾಗದ ಶಾಸನಗಳಲ್ಲಿ ಭೇರುಂಡ ಗಳೆ ಎಂಬ ಅಳತೆಕೋಲಿನ ಉಲ್ಲೇಖವಿದೆ.

ಕೋಲಿನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಬೇಕಾಯಿತೆಂದರೆ ಕೋಲುಗಳು ಒಂದೇ ಆಗಿರಲಿಲ್ಲವೆಂಬುದು ಸ್ಪಷ್ಟ. ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು ಎಂಬ ಲೆಕ್ಕ ಎಲ್ಲೆಡೆ ಒಂದೇ ಆದರೂ, ಗೇಣು ಯಾರ ಕೈಯದು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಆದುದರಿಂದ ಶಾಸನದ ಮತ್ತರನ್ನು ಎಕರೆಗೆ ಪರಿವರ್ತಿಸಿ ಹಕ್ಕು ಕೇಳುವುದು ಸಾಧ್ಯವಾಗದ ಮಾತು.

ಕರಾವಳಿ, ಕೊಡಗು ಮತ್ತು ಉತ್ತರದ ಜಿಲ್ಲೆಗಳು

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಖಂಡುಗದ ಸ್ಥಾನವನ್ನು ಮುಡಿ ಪಡೆದಿತ್ತು. ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ ಹಗ್ಗದಿಂದ ಬಿಗಿದು ಕಟ್ಟಿದ ಉಂಡೆಯೇ ಮುಡಿ. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಅಂದರೆ 42 ಸೇರಿಗೆ ಒಂದು ಮುಡಿ ಎಂಬುದು ಅಲ್ಲಿನ ವಾಡಿಕೆ. ಗದ್ದೆಯನ್ನು ಮುಡಿಯಲ್ಲಿ ಹೇಳುವಾಗ ಒಂದು ತೊಡಕಿದೆ. ಬೀಜವನ್ನು ಮುಡಿಯಲ್ಲಿ ಎಣಿಸುತ್ತಿದ್ದಂತೆಯೇ ಗೇಣಿಯನ್ನೂ ಮುಡಿಯಲ್ಲಿಯೇ ಎಣಿಸಲಾಗುತ್ತಿತ್ತು. ಹಳೆಯ ಗೇಣಿಚೀಟಿಯಲ್ಲಿ "ಹತ್ತು ಮುಡಿ" ಎಂದಿರುವುದು ಗದ್ದೆಯ ವಿಸ್ತಾರವೋ, ಧಣಿಗೆ ವರ್ಷಕ್ಕೆ ಅಳೆದುಕೊಡಬೇಕಾಗಿದ್ದ ಅಕ್ಕಿಯೋ ಎಂಬುದನ್ನು ಮುಂದುಹಿಂದಿನ ಬರಹದಿಂದಲೇ ತಿಳಿಯಬೇಕು. ಇದರ ಜೊತೆಗೆ ಅಲ್ಲಿ ಗದ್ದೆಗಳನ್ನು ನೀರಿನ ಆಸರೆಗೆ ತಕ್ಕಂತೆ ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುವ ರೂಢಿಯಿದೆ. ತಗ್ಗಿನಲ್ಲಿರುವ ಬೈಲು ಗದ್ದೆಯಲ್ಲಿ ನೀರು ಹೆಚ್ಚು ಕಾಲ ನಿಲ್ಲುತ್ತದೆ. ಬೆಟ್ಟು ಗದ್ದೆಗೆ ಮಳೆಯೇ ಗತಿ. ಒಂದು ಮುಡಿ ಬೈಲೂ ಒಂದು ಮುಡಿ ಬೆಟ್ಟೂ ಬೆಲೆಯಲ್ಲಿ ಎಂದೂ ಸಮವಾಗಿರಲಿಲ್ಲ.

ಕೊಡಗಿನಲ್ಲಿ ಗದ್ದೆಗಳನ್ನು ಬಟ್ಟಿಯ ಲೆಕ್ಕದಲ್ಲಿ ಹೇಳಲಾಗುತ್ತಿತ್ತು. ಇದೂ ಭತ್ತದ ಅಳತೆಯೇ.

ಉತ್ತರ ಕರ್ನಾಟಕದ ಎರೆ ಭೂಮಿಯ ಸೀಮೆಯಲ್ಲಿ ಬೀಜದ ಬದಲು ದುಡಿಮೆ ಅಳತೆಯಾಗಿತ್ತು. ಕೂರಿಗೆಯೆಂದರೆ ಎತ್ತುಗಳಿಂದ ಎಳೆಸಿ ಸಾಲಿನಲ್ಲಿ ಬಿತ್ತುವ ಸಾಧನ. ಒಂದು ಕೂರಿಗೆಯಿಂದ ಒಂದು ದಿನದಲ್ಲಿ ಬಿತ್ತಬಹುದಾದ ಹೊಲವೂ ಕೂರಿಗೆಯೇ. ಎತ್ತುಗಳ ಶಕ್ತಿ, ಕೂರಿಗೆಯ ತಾಳುಗಳ ಸಂಖ್ಯೆ, ಮಣ್ಣಿನ ಹದ ಇವುಗಳಿಗೆ ತಕ್ಕಂತೆ ಈ ಅಳತೆ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಹದ ತಪ್ಪುವುದರೊಳಗೆ ಬಿತ್ತನೆ ಮುಗಿಸಬೇಕಾದ ಒಕ್ಕಲಿಗನಿಗೆ ತನ್ನ ಹೊಲ ಎಷ್ಟು ದಿನದ ಕೆಲಸ ಎಂಬುದು ತಿಳಿದಿದ್ದರೆ ಸಾಕಾಗಿತ್ತು.

ಸರಪಳಿಯ ಅಳತೆ: ಗುಂಟೆ ಮತ್ತು ಸೆಂಟ್ಸ್

ಬ್ರಿಟಿಷರ ಆಡಳಿತದಲ್ಲಿ ಸರಪಳಿಯಿಂದ ಭೂಮಾಪನ ನಡೆಸುವ ಪದ್ಧತಿ ಬಂದಿತು. ಆದರೆ ಇಂದಿನ ಕರ್ನಾಟಕದ ಪ್ರದೇಶಗಳು ಆಗ ಬೇರೆ ಬೇರೆ ಆಡಳಿತಗಳಿಗೆ ಸೇರಿದ್ದುದರಿಂದ ಸರಪಳಿಯೂ ಎರಡು ಬಗೆಯದಾಯಿತು. ಇಂದಿನ ಬಹುಪಾಲು ಗೊಂದಲಗಳ ಮೂಲ ಇದೇ ಆಗಿದೆ.

ಮುಂಬಯಿ ಪ್ರಾಂತ್ಯದ ಪದ್ಧತಿಯಲ್ಲಿ ಸರಪಳಿಯ ಉದ್ದ 33 ಅಡಿ. ಅದನ್ನು 16 ಆಣೆಗಳಾಗಿ ವಿಭಾಗಿಸಲಾಗಿದೆ. ಒಂದು ಆಣೆ ಎಂದರೆ 2 ಅಡಿ ¾ ಅಂಗುಲ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ, ಅಂದರೆ 1,089 ಚದರ ಅಡಿ, ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಗುಂಟೆಯನ್ನೂ 16 ಆಣೆಗಳಾಗಿ ವಿಭಾಗಿಸಲಾಗುತ್ತದೆ. ರೂಪಾಯಿಗೆ 16 ಆಣೆ ಇದ್ದ ಕಾಲದಲ್ಲಿ ಅರ್ಧ, ಕಾಲು, ಅರೆಕಾಲು ಎಂದು ಪಾಲು ಮಾಡುವುದಕ್ಕೆ ಈ ಲೆಕ್ಕ ಹಳ್ಳಿಗರಿಗೆ ಬಹಳ ಅನುಕೂಲವಾಗಿತ್ತು. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಮುಂಬಯಿ ಮಾದರಿಯ ಭೂಮಾಪನವನ್ನು ಚಿತ್ರದುರ್ಗ ಜಿಲ್ಲೆಯಿಂದ ಆರಂಭಿಸಲಾಯಿತು. ಹೈದರಾಬಾದ್ ಸಂಸ್ಥಾನವೂ ಎಕರೆ-ಗುಂಟೆಯನ್ನೇ ಅನುಸರಿಸಿತು. ಹಳೆಯ ಮೈಸೂರಿನ ಕಾಗದಗಳಲ್ಲಿ ಗುಂಟೆಯನ್ನು "ಕುಂಟೆ" ಎಂದು ಬರೆದಿರುವುದು ಸಾಮಾನ್ಯ. ಹೊಲ ಹರಗುವ ಕುಂಟೆಗೂ ಕೋಲಾರದ ಕಡೆಯ ನೀರಿನ ಕುಂಟೆಗೂ ಇದನ್ನು ಬೆರೆಸಬಾರದು.

ಮದರಾಸು ಪ್ರಾಂತ್ಯದ ಪದ್ಧತಿಯಲ್ಲಿ ಸರಪಳಿ 66 ಅಡಿ ಉದ್ದವಾಗಿದ್ದು 100 ಕೊಂಡಿಗಳನ್ನು ಹೊಂದಿರುತ್ತದೆ. ಇಲ್ಲಿ ಎಕರೆಯನ್ನು 100 ಸೆಂಟ್ಸ್‌ಗಳಾಗಿ ವಿಭಾಗಿಸಲಾಗುತ್ತದೆ. ಒಂದು ಸೆಂಟ್ ಎಂದರೆ 435.6 ಚದರ ಅಡಿ. ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆ (ಈಗಿನ ಉಡುಪಿ ಸೇರಿದಂತೆ), 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಬಳ್ಳಾರಿ ಪ್ರದೇಶ, 1956ರಲ್ಲಿ ಸೇರಿದ ಕೊಳ್ಳೇಗಾಲ ಇವುಗಳು ಈ ಲೆಕ್ಕವನ್ನು ತಮ್ಮೊಡನೆ ತಂದವು. ಕೊಡಗಿನಲ್ಲಿಯೂ ಸೆಂಟ್ಸ್ ಬಳಕೆಯಲ್ಲಿದೆ.

ಪರಿಣಾಮವಾಗಿ ಒಂದೇ ಜಿಲ್ಲೆಯಾದ ಚಾಮರಾಜನಗರದಲ್ಲಿ ಎರಡು ರೂಢಿಗಳು ಅಕ್ಕಪಕ್ಕದಲ್ಲಿವೆ. ಹೊಸನಗರದಿಂದ ಘಟ್ಟ ಇಳಿದು ಕುಂದಾಪುರಕ್ಕೆ ಬಂದರೆ, ಅಥವಾ ಮೊಳಕಾಲ್ಮೂರಿನಿಂದ ಗಡಿ ದಾಟಿ ಬಳ್ಳಾರಿ ಜಿಲ್ಲೆಗೆ ಬಂದರೆ ಗುಂಟೆಯ ಜಾಗದಲ್ಲಿ ಸೆಂಟ್ಸ್ ಕೇಳಿಬರುತ್ತದೆ. ಈ ಎರಡರ ಸಂಬಂಧ ಸರಳವಾದುದೇ: ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ತೊಂದರೆ ಇರುವುದು ಬರೆಯುವ ಕ್ರಮದಲ್ಲಿ.

"1.20" ಎಂಬ ಅಂಕಿಯನ್ನು ಓದುವ ಬಗೆ

ದಾಖಲೆಗಳಲ್ಲಿ ಎಕರೆಯ ಮುಂದೆ ಚುಕ್ಕಿ ಇಟ್ಟು ಗುಂಟೆಯನ್ನು ಬರೆಯುವುದು ರೂಢಿ. ತುಮಕೂರು ಜಿಲ್ಲೆಯ ಪಹಣಿಯಲ್ಲಿ 1.20 ಎಂದಿದ್ದರೆ ಅದು 1 ಎಕರೆ 20 ಗುಂಟೆ, ಅಂದರೆ ಒಂದೂವರೆ ಎಕರೆ. ಉಡುಪಿ ಜಿಲ್ಲೆಯ ಪಹಣಿಯಲ್ಲಿ ಅದೇ 1.20 ಎಂದರೆ 1 ಎಕರೆ 20 ಸೆಂಟ್ಸ್, ಅಂದರೆ 1 ಎಕರೆ 8 ಗುಂಟೆ ಮಾತ್ರ. ವ್ಯತ್ಯಾಸ 12 ಗುಂಟೆ, ಅಂದರೆ 13,068 ಚದರ ಅಡಿ. ಗಡಿಯಾಚೆ ಮಹಾರಾಷ್ಟ್ರದಲ್ಲಿ ವಿಸ್ತೀರ್ಣವನ್ನು ಹೆಕ್ಟೇರ್ ಮತ್ತು ಆರ್‌ಗಳಲ್ಲಿ ಬರೆಯಲಾಗುತ್ತದೆ. 100 ಚದರ ಮೀಟರಿಗೆ ಒಂದು ಆರ್, 100 ಆರ್‌ಗೆ ಒಂದು ಹೆಕ್ಟೇರ್. ನಿಪ್ಪಾಣಿ, ಚಿಕ್ಕೋಡಿ ಕಡೆಯ ರೈತರಿಗೆ ಕೊಲ್ಹಾಪುರ ಜಿಲ್ಲೆಯಲ್ಲಿಯೂ ಜಮೀನಿದ್ದಲ್ಲಿ, ಅಲ್ಲಿನ ಉತಾರದ 1.20 ಸುಮಾರು 2 ಎಕರೆ 38½ ಗುಂಟೆಯಾಗುತ್ತದೆ. ಆರ್ ಮತ್ತು ಗುಂಟೆ ಗಾತ್ರದಲ್ಲಿ ಬಹುಮಟ್ಟಿಗೆ ಸಮವಾಗಿರುವುದರಿಂದ ಈ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಕೂಡುವಾಗಲೂ ಎಚ್ಚರ ಅಗತ್ಯ. ಗುಂಟೆಯ ಲೆಕ್ಕದಲ್ಲಿ 1.25 ಮತ್ತು 1.25 ಸೇರಿದರೆ 2.50 ಆಗುವುದಿಲ್ಲ, 3.10 ಆಗುತ್ತದೆ. 25 ಮತ್ತು 25 ಸೇರಿ 50 ಗುಂಟೆ, ಅದರಲ್ಲಿ 40 ಗುಂಟೆ ಒಂದು ಎಕರೆಯಾಗಿ ಹೋಗಿ 10 ಗುಂಟೆ ಉಳಿಯುತ್ತದೆ. ಅಣ್ಣತಮ್ಮಂದಿರ ಭಾಗ ಮಾಡುವಾಗ ಲೆಕ್ಕಯಂತ್ರದಲ್ಲಿ ಕೂಡಿ ಬರೆದ ವಿಭಾಗಪತ್ರದ ವಿಸ್ತೀರ್ಣವು ಪಹಣಿಗೆ ಹೊಂದದಿರಲು ಇದು ಕಾರಣವಾಗಬಹುದು. ಚುಕ್ಕಿಯ ನಂತರದ ಸಂಖ್ಯೆ 40 ಅಥವಾ ಅದಕ್ಕಿಂತ ಹೆಚ್ಚಾಗಿದ್ದಲ್ಲಿ ಅದು ಗುಂಟೆಯಾಗಿರಲಾರದು ಎಂಬುದನ್ನು ಸುಲಭವಾದ ಗುರುತಾಗಿ ಇಟ್ಟುಕೊಳ್ಳಬಹುದು. ಪತ್ರ ಬರೆಸುವಾಗ ಚುಕ್ಕಿಯನ್ನು ನೆಚ್ಚದೆ "ಒಂದು ಎಕರೆ ಇಪ್ಪತ್ತು ಗುಂಟೆ" ಎಂದು ಅಕ್ಷರಗಳಲ್ಲಿ ಬರೆಸುವುದು ಸೂಕ್ತ.

ಭೂಮಾಪನದ ಟಿಪ್ಪಣಿ ನಕಲಿನಲ್ಲಿಯೂ ಇಂತಹದೇ ಸಂದರ್ಭ ಎದುರಾಗುತ್ತದೆ. ಗುಂಟೆಯ ಪ್ರದೇಶದ ಹಳೆಯ ಟಿಪ್ಪಣಿಯಲ್ಲಿ ಉದ್ದಗಳನ್ನು ಸರಪಳಿ ಮತ್ತು ಆಣೆಗಳಲ್ಲಿ ಬರೆಯಲಾಗಿರುತ್ತದೆ. 5 ಸರಪಳಿ 8 ಆಣೆ ಎಂದರೆ ಐದೂವರೆ ಸರಪಳಿ, ಅಂದರೆ 181½ ಅಡಿ. ಇದನ್ನು 5.8 ಸರಪಳಿ ಎಂದು ಓದಿದರೆ 191 ಅಡಿಗೂ ಹೆಚ್ಚಾಗುತ್ತದೆ. ಬದುವಿನ ಬಳಿ ಹತ್ತು ಅಡಿಯ ಜಗಳ ಹುಟ್ಟಲು ಇಷ್ಟು ಸಾಕು.

ಸಾರ್ವಜನಿಕರ ಅನುಕೂಲಕ್ಕಾಗಿ ಮುಖ್ಯ ಪ್ರಮಾಣಗಳು:

1 ಎಕರೆ = 40 ಗುಂಟೆ = 100 ಸೆಂಟ್ಸ್ = 4,840 ಚದರ ಗಜ = 43,560 ಚದರ ಅಡಿ
1 ಗುಂಟೆ = 16 ಆಣೆ = 121 ಚದರ ಗಜ = 1,089 ಚದರ ಅಡಿ = 101.17 ಚದರ ಮೀಟರ್
1 ಸೆಂಟ್ = 435.6 ಚದರ ಅಡಿ = 40.47 ಚದರ ಮೀಟರ್
1 ಹೆಕ್ಟೇರ್ = 10,000 ಚದರ ಮೀಟರ್ = 2.471 ಎಕರೆ (ಸುಮಾರು 2 ಎಕರೆ 19 ಗುಂಟೆ)

ನಿವೇಶನ ಮತ್ತು ಮನೆಯ ಅಳತೆಗಳು

ನಗರ ಪ್ರದೇಶಗಳಲ್ಲಿ ನಿವೇಶನವನ್ನು ಅಡಿಗಳಲ್ಲಿ ಹೇಳುವುದು ವಾಡಿಕೆ. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನವು 1,200 ಚದರ ಅಡಿಯಾಗಿದ್ದು ಒಂದು ಗುಂಟೆಗಿಂತ 111 ಚದರ ಅಡಿ ದೊಡ್ಡದು. ನಗರದ ಅಂಚಿನ ಹಳ್ಳಿಗಳಲ್ಲಿ "ಒಂದು ಗುಂಟೆಯೆಂದರೆ ಒಂದು ಸೈಟು" ಎಂದು ವ್ಯವಹರಿಸುವುದು ಆದುದರಿಂದ ಸರಿಯಲ್ಲ. ಮನೆ ಕಟ್ಟುವವರು ಹೇಳುವ ಒಂದು ಚದರವೆಂದರೆ 100 ಚದರ ಅಡಿ. ಇದು ಕಟ್ಟಡದ ಅಳತೆಯೇ ಹೊರತು ನೆಲದ್ದಲ್ಲ. ಹಳ್ಳಿಯ ಹಳೆಯ ಮನೆಗಳನ್ನು ಮೂರಂಕಣ, ಐದಂಕಣ ಎಂದು ಕರೆಯುವಾಗ ಕಂಬದಿಂದ ಕಂಬಕ್ಕೆ ಇರುವ ಜಾಗವನ್ನು ಎಣಿಸಲಾಗುತ್ತದೆ. ಮರದ ತೊಲೆ ಎಷ್ಟು ಉದ್ದ ಸಿಕ್ಕಿತೋ ಅಂಕಣವೂ ಅಷ್ಟೇ ಇರುತ್ತದೆ.

ಗುಣವನ್ನು ಅಳೆಯುವ ಕ್ರಮದ ಮುಂದುವರಿಕೆ

ಭೂಮಿಯನ್ನು ಅದರ ಫಲದಿಂದ ತೂಗುವ ಹಳೆಯ ಕ್ರಮವು ಕಾನೂನಿನಿಂದ ಪೂರ್ಣವಾಗಿ ಮರೆಯಾಗಿಲ್ಲ ಎಂಬುದು ಗಮನಾರ್ಹ. 1974ರಲ್ಲಿ ತಿದ್ದುಪಡಿಯಾಗಿ ಜಾರಿಗೆ ಬಂದ ಕರ್ನಾಟಕ ಭೂ ಸುಧಾರಣಾ ಅಧಿನಿಯಮ, 1961ರಲ್ಲಿ ಕುಟುಂಬವೊಂದು ಹೊಂದಬಹುದಾದ ಭೂಮಿಯ ಮಿತಿಯನ್ನು ಎಕರೆಗಳಲ್ಲಿ ಹೇಳದೆ ಯೂನಿಟ್‌ಗಳಲ್ಲಿ ಹೇಳಲಾಯಿತು. ಆಗ ನಿಗದಿಯಾದ 10 ಯೂನಿಟ್‌ಗಳೆಂದರೆ ಖಾತರಿ ನೀರಾವರಿಯುಳ್ಳ ಎ ವರ್ಗದ ಭೂಮಿಯಲ್ಲಿ 10 ಎಕರೆ, ಮಳೆಯನ್ನೇ ನಂಬಿದ ಡಿ ವರ್ಗದ ಭೂಮಿಯಲ್ಲಿ 54 ಎಕರೆ. 2020ರ ತಿದ್ದುಪಡಿಯಲ್ಲಿ ಈ ಮಿತಿಯನ್ನು 20 ಯೂನಿಟ್‌ಗಳಿಗೆ ಏರಿಸಲಾಯಿತು. ಖುಷ್ಕಿಯ ಖಂಡುಗ ದೊಡ್ಡದು, ತರಿಯ ಖಂಡುಗ ಚಿಕ್ಕದು ಎಂಬ ಹಳೆಯ ಲೆಕ್ಕದ ಜಾಡು ಇದರಲ್ಲಿ ಕಾಣುತ್ತದೆ.

ಹಳೆಯ ಕಾಗದದಲ್ಲಿನ ಅಳತೆಯನ್ನು ಇಂದಿನ ದಾಖಲೆಗೆ ಹೊಂದಿಸುವುದು

ಖಂಡುಗ, ಮುಡಿ ಮುಂತಾದ ಅಳತೆಗಳಿರುವ ಪತ್ರವು ಕುಟುಂಬದಲ್ಲಿದ್ದಲ್ಲಿ ಆ ಅಳತೆಯನ್ನು ಕೋಷ್ಟಕದಿಂದ ಎಕರೆಗೆ ಪರಿವರ್ತಿಸಿ ಹಕ್ಕನ್ನು ನಿರ್ಧರಿಸಿಕೊಳ್ಳುವುದು ಅಪಾಯಕರ. ಪರಿವರ್ತನೆಯಿಂದ ಹೆಚ್ಚು ವಿಸ್ತೀರ್ಣ ಬಂದಿತೆಂದು ನೆರೆಯವರು ಒತ್ತುವರಿ ಮಾಡಿದ್ದಾರೆಂದು ಭಾವಿಸಿ ವ್ಯಾಜ್ಯಕ್ಕೆ ಇಳಿಯುವುದರಿಂದ ಕೈಯಲ್ಲಿರುವುದೂ ಕರಗಬಹುದು. ಅಂತಹ ಪತ್ರದಲ್ಲಿ ಅಳತೆಗಿಂತ ಬೆಲೆಬಾಳುವ ಭಾಗ ಚಕ್ಕುಬಂದಿ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ ಎಂಬಂತಹ ವಿವರಗಳಿಂದ ಜಮೀನನ್ನು ಗುರುತಿಸಲು ಸಾಧ್ಯ. ವಿಸ್ತೀರ್ಣಕ್ಕೂ ಸ್ಪಷ್ಟವಾದ ಚಕ್ಕುಬಂದಿಗೂ ಹೊಂದಾಣಿಕೆಯಿಲ್ಲದಿದ್ದಲ್ಲಿ ಸಾಮಾನ್ಯವಾಗಿ ಚಕ್ಕುಬಂದಿಗೇ ಹೆಚ್ಚಿನ ತೂಕವಿರುತ್ತದೆ. ಜಮೀನಿಗೆ ಹಿಂದಿನಿಂದ ನಡೆದುಬಂದ ಹೆಸರಿದ್ದರೆ ಅದೂ ಸಹಾಯಕ್ಕೆ ಬರುತ್ತದೆ.

ಚಕ್ಕುಬಂದಿಯಿಂದ ಜಮೀನು ಯಾವ ಸರ್ವೆ ನಂಬರಿನಲ್ಲಿದೆ ಎಂಬುದು ತಿಳಿದ ಮೇಲೆ, ತಾಲ್ಲೂಕಿನ ಭೂಮಾಪನ ಶಾಖೆಯಿಂದ ಆಕಾರಬಂದ್, ಟಿಪ್ಪಣಿ ಹಾಗೂ ಹಿಸ್ಸಾ ನಕಲುಗಳನ್ನು ಪಡೆದು ಪಹಣಿಯೊಡನೆ ಹೋಲಿಸಿ ನೋಡಬೇಕು. ಹೋಲಿಸುವಾಗ ಖರಾಬು ವಿಸ್ತೀರ್ಣವನ್ನು ಕಳೆಯುವುದನ್ನು ಮರೆಯಬಾರದು. ಬಂಡೆ, ಹಳ್ಳ, ದಾರಿ ಮುಂತಾದ ಸಾಗುವಳಿಗೆ ಬಾರದ ನೆಲವನ್ನು ಖರಾಬು ಎಂದು ಪ್ರತ್ಯೇಕವಾಗಿ ನಮೂದಿಸಲಾಗಿದ್ದು, ಅದರಲ್ಲಿ "ಬ" ಖರಾಬು ಸಾರ್ವಜನಿಕ ಉಪಯೋಗಕ್ಕೆ ಮೀಸಲಾದ ನೆಲವಾಗಿರುತ್ತದೆ. ಅದನ್ನು ಮಾರುವ ಹಕ್ಕು ಹಿಡುವಳಿದಾರರಿಗೆ ಇರುವುದಿಲ್ಲ. ಬಿತ್ತಿದ ನೆಲವನ್ನಷ್ಟೇ ಎಣಿಸುತ್ತಿದ್ದ ಬೀಜವರಿಯಲ್ಲಿ ಬಂಡೆಗೆ ಲೆಕ್ಕವೇ ಇರಲಿಲ್ಲ. ಹಳೆಯ ಪತ್ರಕ್ಕೂ ಇಂದಿನ ಒಟ್ಟು ವಿಸ್ತೀರ್ಣಕ್ಕೂ ತಾಳೆಯಾಗದಿರಲು ಇದೂ ಒಂದು ಕಾರಣವಾಗಿರಬಹುದು. ಇಷ್ಟಾದ ಮೇಲೂ ಬದುವಿನ ಬಗ್ಗೆ ಸಂಶಯ ಉಳಿದಲ್ಲಿ ಹದ್ದುಬಸ್ತಿಗಾಗಿ ಅರ್ಜಿ ಸಲ್ಲಿಸಬಹುದು. ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ತಿಳುವಳಿಕೆ ನೀಡಿ, ಅಳತೆ ಮಾಡಿ ಗಡಿಯನ್ನು ಗುರುತಿಸುತ್ತಾರೆ. ಆ ದಿನ ಹಳೆಯ ಪತ್ರವನ್ನೂ, ಬಾಂದು ಕಲ್ಲುಗಳು ಎಲ್ಲಿದ್ದವೆಂದು ಬಲ್ಲ ಊರಿನ ಹಿರಿಯರನ್ನೂ ಸ್ಥಳಕ್ಕೆ ಕರೆದೊಯ್ಯುವುದು ಉಪಯುಕ್ತ.